ಮೂರು ದಿನ ತಡವಾಗಿ ಬಂದ ಮಗನನ್ನು ಮತ್ತೆ ಕಳಿಸಲಾ?

ಪತ್ರ: ನನಗೆ 34 ವರ್ಷ. ಒಂದೂವರೆ ವರ್ಷದಿಂದ ಮಗನ ಜೊತೆ ಬಾಗಲಕೋಟೆ ನವನಗರದ ತವರುಮನೆಯಲ್ಲಿದ್ದೇನೆ. ಗಂಡ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸೂಪರ್‌ವೈಸರ್. ಕುಡಿತ, ಹೊಡೆತ ಏನೂ ಇಲ್ಲ. ದುಡ್ಡಿನ ವಿಷಯ, ಅತ್ತೆಮನೆಯ ವಿಷಯಕ್ಕೆ ಜಗಳ ಬೆಳೆದು ಮಾತು ನಿಂತುಹೋಯಿತು. ಇಬ್ಬರೂ ಇನ್ನೂ ಕೋರ್ಟಿಗೆ ಹೋಗಿಲ್ಲ. ಮಗನಿಗೆ 9 ವರ್ಷ, ನಾಲ್ಕನೇ ಕ್ಲಾಸು. ತಿಂಗಳಿಗೆ ಎರಡು ಸಲ ಅವನಪ್ಪ ಬಂದು ಕರೆದುಕೊಂಡು ಹೋಗುತ್ತಾರೆ. ಎಲ್ಲ ಬಾಯಿಮಾತಿನಲ್ಲೇ. ಕಳೆದ ಸಲ ಭಾನುವಾರ ಸಂಜೆ ಬರಬೇಕಾದವರು ಬುಧವಾರ ಸಂಜೆ ಬಂದರು. ಅಲ್ಲಿಯವರೆಗೆ ಫೋನ್ ಎತ್ತಲಿಲ್ಲ. ಎರಡು ತಿಂಗಳಿಂದ ಖರ್ಚಿಗೆ ದುಡ್ಡನ್ನೂ ಕಳಿಸಿಲ್ಲ. "ರೊಕ್ಕ ಇಲ್ಲಂದ್ರ ಹುಡುಗನೂ ಇಲ್ಲ ಅಂತ ಹೇಳು" ಅನ್ನುತ್ತಾನೆ ನಮ್ಮಣ್ಣ. ಈಗ ಅವರು ಬೇಸಿಗೆ ರಜೆ ಪೂರ್ತಿ ಮಗನನ್ನು ಬಿಡು ಅಂತ ಕೇಳುತ್ತಿದ್ದಾರೆ. ಅಲ್ಲಿಂದ ಬಂದ ಮೇಲೆ ಮಗ ಎರಡು ದಿನ ಸರಿಯಾಗಿ ಮಾತಾಡುವುದಿಲ್ಲ. ಮೊನ್ನೆ ಅವನ ಸ್ಕೂಲ್ ಬ್ಯಾಗಿಗೆ ಇರುವೆ ಹತ್ತಿತ್ತು. ತೆಗೆದು ನೋಡಿದರೆ ಪುಸ್ತಕದ ಕೆಳಗೆ ಕುಂದಾ ಡಬ್ಬಿ ಅಡಗಿಸಿಟ್ಟಿದ್ದ. ಕೇಳಿದ್ದಕ್ಕೆ ಅತ್ತುಬಿಟ್ಟ. ಗಂಡುಹುಡುಗ, ಐದು ವರ್ಷ ದಾಟಿದ ಮೇಲೆ ಕೋರ್ಟು ಅಪ್ಪನಿಗೇ ಕೊಡುತ್ತದೆ ಅಂತ ಪಕ್ಕದ ಮನೆಯವರು ಹೆದರಿಸುತ್ತಿದ್ದಾರೆ. ಕಳಿಸುವುದನ್ನು ನಿಲ್ಲಿಸಲಾ? ಯಾರ ಹತ್ತಿರ ಇರುತ್ತೀಯ ಅಂತ ಮಗನನ್ನೇ ಕೇಳಿಬಿಡಲಾ?
– ಒಬ್ಬ ತಾಯಿ, ಬಾಗಲಕೋಟೆ

ಉತ್ತರ: ಕಳಿಸಿ. ಆದರೆ ಇನ್ನು ಮುಂದೆ ಬಾಯಿಮಾತಿನ ಮೇಲೆ ಕಳಿಸಬೇಡಿ.

ನಿಮ್ಮ ಗಂಡ ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಜ್ವರ ಬಂದಿತ್ತೋ, ಮನೆಯಲ್ಲಿ ಕಾರ್ಯವಿತ್ತೋ, ಮಗನೇ ಇನ್ನೊಂದು ದಿನ ಇರುತ್ತೇನೆ ಅಂದನೋ, ಕಾರಣ ಏನಾದರೂ ಇರಲಿ, ಒಂದು ಮೆಸೇಜ್ ಹಾಕಲು ಎಷ್ಟು ಹೊತ್ತು ಬೇಕು? ಮೂರು ದಿನ ಸ್ಕೂಲು ತಪ್ಪಿತು. ನಿಮ್ಮ ನಿದ್ದೆ ಹೋಯಿತು. ಇದನ್ನು ಸುಮ್ನೆ ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಕಳಿಸುವುದನ್ನೇ ನಿಲ್ಲಿಸಿದರೆ ಶಿಕ್ಷೆ ಬೀಳುವುದು ಅವರಿಗಿಂತ ಜಾಸ್ತಿ ಹುಡುಗನಿಗೆ. ಅವನು ಫೋನ್ ಎತ್ತದೆ ಕೂತವನಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಹೊತ್ತು ಹಿಡಿದಿಟ್ಟಿದ್ದು ಆ ಕುಂದಾ ಡಬ್ಬಿ. ಒಂಬತ್ತು ವರ್ಷದ ಹುಡುಗ ಸಿಹಿ ಸಿಕ್ಕರೆ ತಿಂದು ಮುಗಿಸುತ್ತಾನೆ, ಇಲ್ಲವೇ ಗೆಳೆಯರಿಗೆ ತೋರಿಸಿ ತೋರಿಸಿ ತಿನ್ನುತ್ತಾನೆ. ಪುಸ್ತಕದ ಕೆಳಗೆ ಇಡುವುದಿಲ್ಲ. ಇಟ್ಟಿದ್ದಾನೆ ಅಂದರೆ, ಅಪ್ಪ ಕೊಟ್ಟಿದ್ದನ್ನು ಈ ಮನೆಯಲ್ಲಿ ಹೊರಗೆ ತೆಗೆದರೆ ಯಾರದೋ ಮುಖ ಸಣ್ಣದಾಗುತ್ತದೆ, ಯಾರೋ ಒಂದು ಮಾತು ಆಡುತ್ತಾರೆ ಅಂತ ಅವನಿಗೆ ಗೊತ್ತು. ಎಸೆಯಲು ಮನಸ್ಸಿಲ್ಲ, ತಿನ್ನಲು ಧೈರ್ಯವಿಲ್ಲ. ಬೆಳಗಾವಿಯಲ್ಲೂ ಅವನು ಏನೋ ಒಂದನ್ನು ಹೀಗೇ ಅಡಗಿಸುತ್ತಿರಬಹುದು. ನಿಮ್ಮ ನೆನಪು ಬಂದು ಅಳು ಬಂದದ್ದನ್ನೋ, ನೀವು ಕಟ್ಟಿಕೊಟ್ಟ ಶೇಂಗಾ ಉಂಡಿಯನ್ನೋ.

ಎರಡು ದಿನ ಮಾತಾಡುವುದಿಲ್ಲ ಅಂದಿರಿ. ಅವನಪ್ಪ ತಲೆ ತುಂಬಿ ಕಳಿಸಿದ್ದಾರೆ ಅಂತಲೇ ಅದಕ್ಕೆ ಅರ್ಥ ಹಚ್ಚಬೇಡಿ. ನೀವು ಬರೆದಿಲ್ಲ, ಆದರೆ ನಮ್ಮ ಕಡೆಯ ಮನೆಗಳು ನನಗೆ ಗೊತ್ತು. ಹುಡುಗ ಚಪ್ಪಲಿ ಬಿಡುವಷ್ಟರಲ್ಲಿ ಮಾಮಾ ಶುರು ಮಾಡುತ್ತಾರೆ: "ಏನ್ ಉಂಡಿ ಅಲ್ಲಿ? ಯಾರ್ಯಾರು ಬಂದಿದ್ರು? ನಿಮ್ಮಪ್ಪ ರೊಕ್ಕ ಕೊಟ್ಟಾನೇನು?" ಅಜ್ಜಿ ಗಲ್ಲ ಹಿಡಿದು ನೋಡಿ, "ಎಷ್ಟ್ ಸೊರಗ್ಯಾನ ನೋಡ ಕೂಸು" ಅನ್ನುತ್ತಾರೆ. ಯಾವ ಉತ್ತರ ಕೊಟ್ಟರೂ ಒಬ್ಬರಿಗೆ ಚಾಡಿ ಹೇಳಿದ ಹಾಗೆ. ಬಾಯಿ ಮುಚ್ಚಿಕೊಂಡಿರುವುದೇ ವಾಸಿ ಅಂತ ಅವನು ತೀರ್ಮಾನ ಮಾಡಿದ್ದಾನೆ. ಜಾಣ ಹುಡುಗ, ಆದರೆ ಈ ಜಾಣತನ ಈ ವಯಸ್ಸಿಗೆ ಬರಬಾರದಿತ್ತು.

ಮುಂದಿನ ಸಲ ಅವನು ಬಂದ ಸಂಜೆ ಯಾರೂ ಏನೂ ಕೇಳುವುದು ಬೇಡ. ಕೈಕಾಲು ತೊಳೆ, ಉಣ್ಣು, ಆಡಲು ಹೋಗು, ಅಷ್ಟೇ. ಡಬ್ಬಿ ಬಂದಿದ್ದರೆ ನೀವೇ ಹೊರಗೆ ತೆಗೆದು ತಾಟಿಗೆ ಹಾಕಿ, ನೀವೂ ಒಂದು ಚಮಚ ತಿನ್ನಿ. ಕಷ್ಟ ಅಂತ ಗೊತ್ತು. ಆದರೂ ತಿನ್ನಿ.

ನಿಮ್ಮಣ್ಣನ ಮಾತಿಗೆ ಬರೋಣ. ಅವರ ಸಿಟ್ಟು ನ್ಯಾಯವಾದದ್ದೇ. ಒಂಬತ್ತು ವರ್ಷದ ಹುಡುಗನ ಫೀಸು, ಊಟ, ಔಷಧದ ಖರ್ಚು ಅಜ್ಜನ ಮನೆಯ ಮೇಲೆ ಬಿದ್ದಿದೆ. ಆದರೆ "ರೊಕ್ಕ ಇಲ್ಲಂದ್ರ ಹುಡುಗನೂ ಇಲ್ಲ" ಅಂದರೆ ಹುಡುಗನನ್ನು ಒತ್ತೆ ಇಟ್ಟ ಹಾಗಾಯಿತು. ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ ವಿಷಯ. ಅಪ್ಪ ದುಡ್ಡು ಕೊಡದಿದ್ದರೆ ಜೀವನಾಂಶ ಕೇಳುವ ದಾರಿ ಇದೆ. ಮೊದಲು ಸಿಆರ್‌ಪಿಸಿ 125ನೇ ಸೆಕ್ಷನ್ ಅನ್ನುತ್ತಿದ್ದೆವಲ್ಲ, 2024ರ ಜುಲೈನಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ಮಗನ ಹೆಸರಿನಲ್ಲೂ ಕೇಳಬಹುದು. ಡಿವೋರ್ಸ್ ಆಗಿರಬೇಕು ಅಂತಿಲ್ಲ. ದುಡ್ಡನ್ನು ಆ ದಾರಿಯಲ್ಲಿ ಕೇಳಿ, ಬಸ್ ಸ್ಟ್ಯಾಂಡಿನಲ್ಲಿ ಮಗನ ಕೈ ಹಿಡಿದುಕೊಂಡು ಕೇಳಬೇಡಿ.

ಪಕ್ಕದ ಮನೆಯವರ ಐದು ವರ್ಷದ ಲೆಕ್ಕ ಅರ್ಧ ಕೇಳಿಸಿಕೊಂಡದ್ದು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವದ ಕಾಯ್ದೆಯ 6ನೇ ಸೆಕ್ಷನ್, ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಅನ್ನುತ್ತದೆ. ಐದು ದಾಟಿದ ಮರುದಿನ ಅಪ್ಪನಿಗೆ ಒಪ್ಪಿಸಿ ಅಂತ ಎಲ್ಲೂ ಹೇಳಿಲ್ಲ. ಅದೇ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಮಗುವಿನ ಹಿತ. ಅಪ್ಪನೇ ಮೊದಲ ಪಾಲಕ ಅಂತ ಕಾಯ್ದೆಯಲ್ಲಿ ಬರೆದಿರುವುದು ನಿಜ, ಆದರೆ ಅಪ್ಪ ಬದುಕಿದ್ದಾಗಲೂ ಅವರು ಹೊಣೆ ಹೊರದಿದ್ದರೆ ತಾಯಿ ಪಾಲಕಿಯಾಗಬಹುದು ಅಂತ 1999ರಲ್ಲೇ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಮಗ ಒಂದೂವರೆ ವರ್ಷದಿಂದ ನಿಮ್ಮ ಜೊತೆ ಇದ್ದಾನೆ, ಅವನ ಸ್ಕೂಲು ಇಲ್ಲಿದೆ, ಗೆಳೆಯರು ಇಲ್ಲಿದ್ದಾರೆ. ಗಂಡುಹುಡುಗ ಅನ್ನುವ ಒಂದೇ ಕಾರಣಕ್ಕೆ ಯಾವ ನ್ಯಾಯಾಧೀಶರೂ ಇದನ್ನೆಲ್ಲ ಕಿತ್ತು ಹಾಕಲು ಹೋಗುವುದಿಲ್ಲ. ಬದಲಿಗೆ, ಸರಿಯಾದ ಕಾರಣವಿಲ್ಲದೆ ಅಪ್ಪನನ್ನು ದೂರ ಇಟ್ಟಿರಿ ಅನ್ನುವುದೇ ನಾಳೆ ನಿಮಗೆ ತೊಡಕಾಗಬಹುದು.

ಇನ್ನು ಮಗನನ್ನೇ ಕೇಳುವುದು. ದಯವಿಟ್ಟು ಬೇಡ. ನೀವು ಕೇಳಿದರೆ ನಿಮ್ಮ ಹೆಸರು ಹೇಳುತ್ತಾನೆ, ಅವನಪ್ಪ ಕೇಳಿದರೆ ಅಪ್ಪನ ಹೆಸರು. ಆಮೇಲೆ ಎರಡೂ ಕಡೆ ಸುಳ್ಳು ಹೇಳಿದೆ ಅಂತ ರಾತ್ರಿ ಒಬ್ಬನೇ ಕೊರಗುತ್ತಾನೆ. 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಲ್ಲಿ ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಕೋರ್ಟು ನೋಡಬಹುದು ಅಂತಿದೆ. ನ್ಯಾಯಾಧೀಶರು ತಮ್ಮ ಚೇಂಬರಿನಲ್ಲಿ ಮಗುವಿನ ಜೊತೆ ಮಾತಾಡುತ್ತಾರೆ. ಅದು ಅವರು ನೋಡುವ ಹತ್ತು ವಿಷಯಗಳಲ್ಲಿ ಒಂದು, ತೀರ್ಪಿನ ಭಾರವನ್ನು ಮಗುವಿನ ತಲೆಗೆ ಕಟ್ಟುವುದಿಲ್ಲ. ಮನೆಯಲ್ಲಿ ಅವನನ್ನು ಕೇಳಬಹುದಾದದ್ದು ಬೇರೆ ಇದೆ: ಬೆಳಗಾವಿಗೆ ಹೋಗುವಾಗ ಯಾವ ಪುಸ್ತಕ ಒಯ್ಯುತ್ತೀ, ಕ್ರಿಕೆಟ್ ಬ್ಯಾಟು ಅಲ್ಲೊಂದು ಇರಲಾ, ರಾತ್ರಿ ನನಗೆ ಎಷ್ಟೊತ್ತಿಗೆ ಫೋನ್ ಮಾಡುತ್ತೀ.

ಈಗ ನಿಜವಾದ ಕೆಲಸಕ್ಕೆ ಬರೋಣ, ಬರೆದಿಡುವುದು. ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿಗೆ ಬಸ್ಸಿನಲ್ಲಿ ಮೂರ್ನಾಲ್ಕು ತಾಸು. ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಹೊರಟು ಭಾನುವಾರ ಸಂಜೆಗೆ ವಾಪಸ್ ಅಂದರೆ ಒಂದು ರಾತ್ರಿಯ ಸಲುವಾಗಿ ಹುಡುಗ ಏಳೆಂಟು ತಾಸು ಬಸ್ಸಿನಲ್ಲಿ ಕೂರುತ್ತಾನೆ. ತಿಂಗಳಿಗೆ ಎರಡು ಸಲ ಹೀಗೆ ಬೇಡ. ಒಂದು ಸಲ ಅವನು ಬೆಳಗಾವಿಗೆ ಹೋಗಲಿ. ಇನ್ನೊಂದು ಸಲ ಅವನಪ್ಪ ಭಾನುವಾರ ಈ ಕಡೆ ಬಂದು ಬಾದಾಮಿಗೋ ಆಲಮಟ್ಟಿ ಗಾರ್ಡನ್‌ಗೋ ಕರೆದುಕೊಂಡು ಹೋಗಿ ಸಂಜೆ ಬಿಟ್ಟು ಹೋಗಲಿ. ಅವರಿಗೆ ತೊಂದರೆ ಜಾಸ್ತಿ, ಒಪ್ಪುತ್ತೇನೆ. ದೊಡ್ಡವರು ಪ್ರಯಾಣ ಮಾಡಲಿ ಬಿಡಿ.

ರಜೆ ಪೂರ್ತಿ ಬಿಡುವುದು ಬೇಡ, ಬಿಡುವುದೇ ಇಲ್ಲ ಅನ್ನುವುದೂ ಬೇಡ. ಮೊದಲು ಎಂಟು-ಹತ್ತು ದಿನ ಕಳಿಸಿ, ಒಂದು ವಾರ ಮನೆಗೆ ಬರಲಿ, ಎಲ್ಲ ಸರಿ ಇದ್ದರೆ ಮೇ ತಿಂಗಳಲ್ಲಿ ಇನ್ನೊಂದಷ್ಟು ದಿನ. ಅವರು ಡ್ಯೂಟಿಗೆ ಹೋದಾಗ ಮನೆಯಲ್ಲಿ ಯಾರಿರುತ್ತಾರೆ ಅಂತ ಕೇಳುವ ಹಕ್ಕು ನಿಮಗಿದೆ. ಅದನ್ನು ಜಗಳದ ದನಿಯಲ್ಲಿ ಕೇಳಬೇಕಿಲ್ಲ. ಹಬ್ಬದ್ದೂ ಈಗಲೇ ಮಾತಾಡಿಕೊಳ್ಳಿ. ಪಂಚಮಿ ಹೇಗೂ ತವರಿನ ಹಬ್ಬ, ಜೋಕಾಲಿ, ಉಂಡಿ ಎಲ್ಲ ಇಲ್ಲಿರಲಿ. ಗಣಪತಿಗೆ ಬೆಳಗಾವಿ ಬಿಟ್ಟರೆ ಇನ್ನೆಲ್ಲಿ? ಅದು ಅಪ್ಪನ ಕಡೆ ಇರಲಿ. ದಸರಾ ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ.

ಮೆಸೇಜ್ ಹೀಗೆ ಹಾಕಬಹುದು: "ಕಳೆದ ಸಲ ಬುಧವಾರದವರೆಗೆ ಫೋನ್ ಎತ್ತಲಿಲ್ಲ, ಅವನಿಗೆ ಮೂರು ದಿನ ಸ್ಕೂಲು ತಪ್ಪಿತು. ಇನ್ನೊಮ್ಮೆ ಹೀಗಾಗಬಾರದು. ಬರುವ ಶನಿವಾರ ಎರಡು ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇವೆ. ಭಾನುವಾರ ಏಳು ಗಂಟೆಗೆ ಅಲ್ಲೇ ಬಿಡಬೇಕು. ಬಸ್ ತಡವಾದರೆ ಫೋನ್ ಮಾಡಿ. ಒಪ್ಪಿಗೆ ಇದ್ದರೆ ಹೂಂ ಅಂತ ಬರೆಯಿರಿ." ಅಷ್ಟೇ ಸಾಕು. ಅತ್ತೆಯವರ ವಿಷಯ, ದುಡ್ಡಿನ ವಿಷಯ ಅದರಲ್ಲಿ ತರಬೇಡಿ. ಶನಿವಾರ ಬಸ್ ಸ್ಟ್ಯಾಂಡಿಗೆ ಅಣ್ಣನನ್ನೂ ಕರೆದೊಯ್ಯಬೇಡಿ.

ಫೋನಿನ ಬಗ್ಗೆ ಒಂದು ಮಾತು. ಯಶಿತಾ ಸಾಹು ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್, ಮಗು ಜೊತೆಗಿಲ್ಲದ ತಂದೆ ಅಥವಾ ತಾಯಿಗೆ, ವಿಶೇಷ ಕಾರಣವಿಲ್ಲದಿದ್ದರೆ, ದಿನಾ 5-10 ನಿಮಿಷ ಮಗುವಿನ ಜೊತೆ ಮಾತಾಡುವ ಹಕ್ಕು ಇರಬೇಕು ಅಂದಿತು. ಇದು ಎರಡೂ ಕಡೆಗೆ ಅನ್ವಯಿಸಲಿ. ಇಲ್ಲಿದ್ದಾಗ ಅಪ್ಪನಿಗೆ, ಅಲ್ಲಿದ್ದಾಗ ನಿಮಗೆ, ಊಟವಾದ ಮೇಲೆ ಒಂದು ಗೊತ್ತಾದ ಹೊತ್ತಿಗೆ. ಸ್ಪೀಕರ್ ಹಾಕಬೇಡಿ, ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಬೇಡಿ. ಈ ಒಂದು ಕಟ್ಟುಪಾಡು ಇದ್ದಿದ್ದರೆ ಆ ಮೂರು ರಾತ್ರಿ ನೀವು ಹಾಗೆ ಒದ್ದಾಡುತ್ತಿರಲಿಲ್ಲ.

ನಿಮ್ಮ ಪತ್ರದಲ್ಲಿ ಹೊಡೆತ, ಬೆದರಿಕೆಯ ಮಾತಿದ್ದಿದ್ದರೆ ನಾನು ಇದನ್ನೆಲ್ಲ ಹೇಳುತ್ತಿರಲಿಲ್ಲ. ಅಂಥ ಮನೆಯ ಹೆಣ್ಣುಮಕ್ಕಳು ಇದನ್ನು ಓದುತ್ತಿದ್ದರೆ ನಿಮ್ಮ ದಾರಿ ಬೇರೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮಗುವನ್ನು ತಾತ್ಕಾಲಿಕವಾಗಿ ನಿಮ್ಮ ವಶಕ್ಕೆ ಕೊಡಲು, ಅಪಾಯ ಕಂಡರೆ ಭೇಟಿಯನ್ನೇ ತಡೆಯಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಇದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಅವರು ಹೂಂ ಅಂದರೂ ನೀವು ಅಲ್ಲಿಗೇ ನಿಲ್ಲಬೇಡಿ. ವಾಟ್ಸಾಪ್ ಮಾತಿಗೆ ಕೋರ್ಟ್ ಆದೇಶದ ಬಲವಿಲ್ಲ. ನಾಳೆ ಮತ್ತೆ ಬುಧವಾರವಾದರೆ ಪೊಲೀಸರು ಸಾಮಾನ್ಯವಾಗಿ ಹೇಳುವುದು ಒಂದೇ: ಅವರೂ ತಂದೆಯಲ್ವಾ, ಕೋರ್ಟಿನಿಂದ ಆರ್ಡರ್ ತನ್ನಿ. ಹಾಗಾಗಿ ಬಾಗಲಕೋಟೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ. ಕೇಸು ಹಾಕುವ ಮೊದಲೇ ಇಬ್ಬರನ್ನೂ ಕೂರಿಸಿ ಮಾತಾಡಿಸುವ ವ್ಯವಸ್ಥೆಯೂ ಇದೆ. ಆ ರಾಜಿ ಲೋಕ ಅದಾಲತ್‌ನಲ್ಲಿ ದಾಖಲಾದರೆ ಕೋರ್ಟಿನ ಡಿಕ್ರಿಯಷ್ಟೇ, ಅಂದರೆ ತೀರ್ಪಿನಷ್ಟೇ ಬಲ. ರಾಜಿ ಆಗದೆ ಕೋರ್ಟಿಗೇ ಹೋಗಬೇಕಾದರೂ ಬೆಳಗಾವಿಗೆ ಅಲೆಯಬೇಕಿಲ್ಲ. ಮಗ ಎಲ್ಲಿ ನೆಲೆಸಿದ್ದಾನೋ ಅಲ್ಲಿಯ ಕೋರ್ಟಿಗೇ ಅವನ ಪಾಲನೆಯ ಅರ್ಜಿ ಹೋಗುತ್ತದೆ. ಅರ್ಜಿ ಬರೆಸುವಾಗ ಮಾತ್ರ ಹುಷಾರು. ಕೇಸು ಗಟ್ಟಿಯಾಗಲಿ ಅಂತ ಇಲ್ಲದ ಕುಡಿತ, ಇಲ್ಲದ ಹೊಡೆತ ಸೇರಿಸುವವರು ಇರುತ್ತಾರೆ. ನೀವು ನನಗೆ ನಿಜ ಬರೆದಿದ್ದೀರಿ, ಅಲ್ಲೂ ಅದನ್ನೇ ಬರೆಸಿ.

ನಿಮ್ಮಣ್ಣನಿಗೆ ಏನಾದರೂ ಮಾಡಲೇಬೇಕು ಅನ್ನಿಸಿದರೆ ಅಲ್ಲಿಗೆ ಜೊತೆಗೆ ಬರಲಿ. ಮದುವೆಯ ದಾಖಲೆ, ಮಗನ ಜನನ ಪ್ರಮಾಣಪತ್ರ, ಸ್ಕೂಲಿನಿಂದ ಒಂದು ಸ್ಟಡಿ ಸರ್ಟಿಫಿಕೇಟ್, ಆ ಮೂರು ದಿನ ನೀವು ಮಾಡಿದ ಫೋನು, ಮೆಸೇಜುಗಳ ಪ್ರಿಂಟು, ಎರಡು ತಿಂಗಳ ಖರ್ಚಿನ ಚೀಟಿ ತೆಗೆದುಕೊಂಡು ಹೋಗಿ. ಮೊದಲ ದಿನ ಮಗ ಬರುವ ಅಗತ್ಯವಿಲ್ಲ. ಅವನನ್ನು ಸ್ಕೂಲಿಗೆ ಬಿಟ್ಟು ಹೋಗಿ.