ಕತ್ತಿಯೂ ಮಂತ್ರವೂ ಇರುವ ಪಾತ್ರಕ್ಕೆ ಏಟೇ ಬೀಳುತ್ತಿಲ್ಲ, ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಏನು ಮಾಡಬೇಕು?

ನಿಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಐದನೇ ಆವೃತ್ತಿ, 2014ರ ನಿಯಮ) ಆಟದಲ್ಲಿ 6ನೇ ಲೆವೆಲ್ ಬ್ಲೇಡ್‌ಸಿಂಗರ್ (ಕತ್ತಿಯನ್ನೂ ಹಿಡಿಯುವ ವಿಜರ್ಡ್, ಅಂದರೆ ಮಾಂತ್ರಿಕ) ಎಲ್ಲರನ್ನೂ ಮೀರಿಸುತ್ತಿದ್ದಾನೆ, ಫೈಟರ್ (ಆಯುಧವನ್ನೇ ನೆಚ್ಚಿದ ಯೋಧ) ಆಡುವವರಿಗೆ ಬೇಸರವಾಗಿದೆ, ಬ್ಲೇಡ್‌ಸಿಂಗರ್‌ನ ಡ್ಯಾಮೇಜ್ (ಅವನ ಏಟು ಮಾಡುವ ಹಾನಿ) ಇಳಿಸಲೇ ಎಂದು ಕೇಳಿದ್ದೀರಿ. ಇಳಿಸಬೇಡಿ. ತೊಂದರೆ ಇರುವುದು ಡ್ಯಾಮೇಜಿನಲ್ಲಲ್ಲ. ಯಾವುದನ್ನು ಈಗ ಖರ್ಚು ಮಾಡಲಿ, ಯಾವುದನ್ನು ಉಳಿಸಲಿ ಎಂದು ಅವನು ಯೋಚಿಸಬೇಕಾದ ಸಂದರ್ಭವೇ ಬರುತ್ತಿಲ್ಲ.

ಲೆಕ್ಕ ನೋಡಿ. ಡೆಕ್ಸ್ (ಚುರುಕುತನ) 16, ಇಂಟ್ (ಬುದ್ಧಿ) 18 ಇದ್ದರೆ ಮೇಜ್ ಆರ್ಮರ್ ಎಂಬ ರಕ್ಷಣಾ ಮಂತ್ರದಲ್ಲಿ ಎಸಿ (ಏಟು ತಗಲಲು ಶತ್ರು ಮುಟ್ಟಬೇಕಾದ ಮೊತ್ತ) 16, ಅವನ ವಿಶೇಷ ಶಕ್ತಿಯಾದ ಬ್ಲೇಡ್‌ಸಾಂಗ್ ಸೇರಿದರೆ 20, ಶೀಲ್ಡ್ ಮಂತ್ರವೂ ಬಂದರೆ 25. ಓಗರ್ ಎಂಬ ದೈತ್ಯನ ಅಟ್ಯಾಕ್ ಬೋನಸ್ (20 ಮುಖದ ದಾಳಕ್ಕೆ ಕೂಡಿಸುವ ಅಂಕ) +6. ಎಸಿ 20ಕ್ಕೆ ಅದರ ಏಟು ತಗಲುವ ಸಾಧ್ಯತೆ ಶೇ. 35, 25ಕ್ಕೆ ಬರೀ ಶೇ. 10. ಇದನ್ನು ಕಂಡ ಡಿಎಂ ಬೋನಸ್ಸನ್ನೇ +10ಕ್ಕೆ ಏರಿಸಿಬಿಡುತ್ತಾರೆ. ಆಗ ಪೆಟ್ಟು ತಿನ್ನುವವನು ಎಸಿ 18ರ ಫೈಟರ್: ಅವನ ಅಪಾಯ ಶೇ. 45ರಿಂದ 65ಕ್ಕೆ ಹೋಗುತ್ತದೆ. ಬೇಸರವಾಗಿದ್ದವರಿಗೇ ಇನ್ನಷ್ಟು ಬೇಸರ.

ಮೊದಲು ದಿನವನ್ನು ಉದ್ದ ಮಾಡಿ. ಟಾಶಾ ಎಂಬ ಪೂರಕ ನಿಯಮಪುಸ್ತಕದ ಪ್ರಕಾರ ಈ ಲೆವೆಲ್‌ನಲ್ಲಿ ಬ್ಲೇಡ್‌ಸಾಂಗ್ ದಿನಕ್ಕೆ 3 ಸಲ, ಒಂದೊಂದು ಸಲಕ್ಕೆ 1 ನಿಮಿಷ. (2015ರ ಹಳೆಯ ನಿಯಮದಲ್ಲಿ ಪ್ರತಿ ಶಾರ್ಟ್ ರೆಸ್ಟ್‌ಗೆ, ಅಂದರೆ ಕಿರು ವಿಶ್ರಾಂತಿಗೆ, 2 ಸಲ ಇತ್ತು. ನಿಮ್ಮ ಆಟಗಾರ ಯಾವುದನ್ನು ಹಿಡಿದಿದ್ದಾನೆ ನೋಡಿಕೊಳ್ಳಿ.) ಮೊದಲ ಹಂತದ ಸ್ಲಾಟ್ (ಮಂತ್ರ ಹಾಕಿದಾಗ ಖರ್ಚಾಗುವ ಪಾಲು) 4, ಅದರಲ್ಲಿ ಒಂದು ಮೇಜ್ ಆರ್ಮರ್‌ಗೇ ಹೋಯಿತು. ದಿನಕ್ಕೆ ಒಂದೋ ಎರಡೋ ಕಾಳಗವಾದರೆ ಅವನ ಹತ್ತಿರ ಎಲ್ಲವೂ ಸದಾ ತಯಾರು. ಐದಾರು ಕಾಳಗ, ನಡುವೆ ಎರಡು ಶಾರ್ಟ್ ರೆಸ್ಟ್ ಇಡಿ. ಫೈಟರ್‌ಗೆ ಆ್ಯಕ್ಷನ್ ಸರ್ಜ್ (ಒಂದು ಹೆಚ್ಚುವರಿ ಆ್ಯಕ್ಷನ್), ಸೆಕೆಂಡ್ ವಿಂಡ್ (ತಾನೇ ಚೇತರಿಸಿಕೊಳ್ಳುವುದು) ಎರಡೂ ಪ್ರತಿ ರೆಸ್ಟ್‌ಗೂ ವಾಪಸ್ ಬರುತ್ತವೆ. ಪೂರ್ತಿ ರಾತ್ರಿ ಮಲಗದಂತೆ ಕಥೆಯಲ್ಲೇ ಕಾರಣ ಬೇಕು: ನಡುರಾತ್ರಿಗೆ ಬಲಿ ಕೊಡುತ್ತಾರೆ, ಅಲೆ ಏರಿದರೆ ಗುಹೆ ಮುಳುಗುತ್ತದೆ, ಇಂಥದ್ದು.

ಎರಡನೆಯದು ರಿಯಾಕ್ಷನ್ (ಬೇರೆಯವರ ಸರದಿಯಲ್ಲಿ ತಟ್ಟನೆ ಮಾಡುವ ಮರುಕ್ರಿಯೆ, ಶೀಲ್ಡ್ ಮಂತ್ರಕ್ಕೂ ಅದೇ ಬೇಕು), ನನಗೆ ತುಂಬ ಇಷ್ಟದ ಜಾಗ. ಅದು ಒಂದು ಸುತ್ತಿಗೆ ಒಂದೇ. ಅವನ ಸರದಿ ಮುಗಿದ ಮೇಲೆ ಮೊದಲು ಬಿಲ್ಲುಗಾರರು, ಆಮೇಲೆ ಶತ್ರು ಮಾಂತ್ರಿಕ ಬರುವಂತೆ ಇನಿಶಿಯೇಟಿವ್ (ಸರದಿಯ ಕ್ರಮ) ಬಿದ್ದಿದೆ ಎನ್ನಿ. ಬಾಣದ ಮೊತ್ತ 22 ಬಂತು. ಶೀಲ್ಡ್ ಹಾಕಿದರೆ ಬಾಣ ತಪ್ಪುತ್ತದೆ, ಆದರೆ ಮಾಂತ್ರಿಕನ ಮುಂದಿನ ಫೈರ್‌ಬಾಲ್‌ಗೆ (ಬೆಂಕಿಯುಂಡೆ ಮಂತ್ರ) ಅದನ್ನು ತಡೆಯುವ ಕೌಂಟರ್‌ಸ್ಪೆಲ್ಲೂ ಇಲ್ಲ, ಹಾನಿ ತಗ್ಗಿಸುವ ಅಬ್ಸಾರ್ಬ್ ಎಲಿಮೆಂಟ್ಸೂ ಇಲ್ಲ. ಆ ಬೆಂಕಿಯ 8 ದಾಳದ ಸರಾಸರಿ ಹಾನಿ 28. ಕಾನ್ (ದೇಹದ ತಾಳಿಕೆ) 14ರ ಈ ವಿಜರ್ಡ್‌ಗೆ ಇರುವುದು 38 ಹೆಚ್‌ಪಿ (ಜೀವಾಂಕ). ಡೆಕ್ಸ್, ಸ್ಟ್ರೆಂತ್ ಸೇವ್‌ಗಳಿಗೆ (ಚುರುಕುತನ, ಬಲದಿಂದ ಅಪಾಯ ತಪ್ಪಿಸಿಕೊಳ್ಳಲು ಎಸೆಯುವ ದಾಳ) ಎಸಿ ಲೆಕ್ಕಕ್ಕೇ ಬರುವುದಿಲ್ಲ. ಬಾಣವನ್ನು ತಿನ್ನಬೇಕೋ ತಡೆಯಬೇಕೋ ಎಂದು ಅವನು ತಲೆ ಕೆರೆದುಕೊಂಡರೆ ನಿಮ್ಮ ಕೆಲಸ ಆಯಿತು. ಪ್ರತಿ ವಾರ ಮಂತ್ರ ತಾಗದ ರಾಕ್ಷಸರನ್ನು ಮಾತ್ರ ತರಬೇಡಿ, ಅದು ಆಟಗಾರನಿಗೆ ಶಿಕ್ಷೆ.

ಎಲ್ಡ್ರಿಚ್ ನೈಟ್ (ಮಂತ್ರ ಬಲ್ಲ ಫೈಟರ್) ಇದ್ದರೆ ಕೈಗಳನ್ನು ಎಣಿಸಿ. ಒಂದರಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ ಇದ್ದರೆ ಕೈಸನ್ನೆಗೆ ಖಾಲಿ ಕೈ ಉಳಿಯದು, ವಾರ್ ಕಾಸ್ಟರ್ ಫೀಟ್ (ಹೆಚ್ಚುವರಿ ಕೌಶಲ) ಇಲ್ಲದೆ ಶೀಲ್ಡ್ ಮಂತ್ರ ಹಾಕಲಾಗದು.

ಸ್ವಂತ ಕ್ಲಾಸ್ ಕಟ್ಟುವುದಾದರೆ ಪ್ಯಾಲಡಿನ್ ಎಂಬ ಪವಿತ್ರ ಯೋಧನ ಡಿವೈನ್ ಸ್ಮೈಟ್ (ಸ್ಲಾಟ್ ಖರ್ಚು ಮಾಡಿ ಏಟಿಗೆ ಹಾನಿ ಸೇರಿಸುವುದು) ನೋಡಿ. 2014ರಲ್ಲಿ ಅದಕ್ಕೆ ಆ್ಯಕ್ಷನ್ನೇ ಬೇಡ, ಕ್ರಿಟಿಕಲ್ (ದಾಳದಲ್ಲಿ 20, ಹೆಚ್ಚು ಹಾನಿಯ ಏಟು) ಬಿದ್ದದ್ದನ್ನು ನೋಡಿಕೊಂಡು ಸ್ಲಾಟ್ ಸುರಿಯಬಹುದಿತ್ತು. 2024ರ ನಿಯಮದಲ್ಲಿ ಬೋನಸ್ ಆ್ಯಕ್ಷನ್ (ಚಿಕ್ಕ ಹೆಚ್ಚುವರಿ ಕ್ರಿಯೆ) ಆಯಿತು, ಸರದಿಗೆ ಒಂದೇ. ಕತ್ತಿಗೂ ಮಂತ್ರಕ್ಕೂ ಗಂಟು ಬೀಳುವ ನಿಮ್ಮ ಪ್ರತಿ ಸಾಮರ್ಥ್ಯಕ್ಕೂ ಈ ಎರಡನೆಯ ಬೆಲೆಯನ್ನೇ ಇಡಿ. ನಿಧಿ ಹಂಚುವಾಗ ಎಸಿ ಏರಿಸುವ ಉಂಗುರವನ್ನು ಫೈಟರ್‌ನ ದಾರಿಯಲ್ಲಿ ಬೀಳಿಸಿ, ಬ್ಲೇಡ್‌ಸಿಂಗರ್‌ಗೆ ಹೊಸ ಮಂತ್ರಗಳ ಪುಸ್ತಕ ಕೊಡಿ.