ಹೆರಿಗೆಯ ನಂತರ ಬಿಟ್ಟುಕೊಂಡ ಹೊಟ್ಟೆ: ಬಟ್ಟೆ ಕಟ್ಟಿದರೆ ಸಾಕೇ?

ಪ್ರಶ್ನೆ: ಎರಡನೇ ಹೆರಿಗೆಯಾಗಿ ನಾಲ್ಕು ತಿಂಗಳಾಯಿತು. ಮಲಗಿದಲ್ಲಿಂದ ಏಳುವಾಗ ಹೊಟ್ಟೆಯ ನಡುವೆ ಉದ್ದಕ್ಕೆ ದಿಂಡಿನ ಹಾಗೆ ಉಬ್ಬುತ್ತದೆ. ನೋವಿಲ್ಲ. ಬಾಣಂತನದಲ್ಲಿ ಬಿಗಿಯಾಗಿ ಹೊಟ್ಟೆ ಕಟ್ಟಿಸಿಕೊಳ್ಳದೆ ಇದ್ದುದಕ್ಕೇ ಹೀಗಾಯಿತು ಎನ್ನುತ್ತಾರೆ ಮನೆಯವರು. ಈಗ ಬೆಲ್ಟ್ ಹಾಕಿದರೆ ಸರಿಹೋಗುತ್ತದೆಯೇ?
– ಓದುಗರು, ಹಾಸನ

ಉತ್ತರ: ಕಟ್ಟದಿದ್ದುದಕ್ಕೆ ಆದದ್ದಲ್ಲ. ನಿಮ್ಮಿಂದ ಯಾವ ತಪ್ಪೂ ನಡೆದಿಲ್ಲ. ಹೊಕ್ಕುಳಿನ ಎರಡೂ ಬದಿಗೆ ಪಕ್ಕೆಲುಬಿನಿಂದ ಕಿಬ್ಬೊಟ್ಟೆಯ ಮೂಳೆಯವರೆಗೆ ಒಂದೊಂದು ಉದ್ದನೆಯ ಸ್ನಾಯು ಇಳಿದಿರುತ್ತದೆ. ಅವೆರಡನ್ನು ನಡುವೆ ಹಿಡಿದಿಡುವುದು ಲೀನಿಯಾ ಆಲ್ಬಾ ಎಂಬ ನಾರಿನ ಪಟ್ಟಿ. ಬಸಿರಿನಲ್ಲಿ ಹಾರ್ಮೋನುಗಳಿಂದ ಮೆತ್ತಗಾದ ಈ ಪಟ್ಟಿ ಗರ್ಭ ಬೆಳೆದಂತೆ ಹಿಗ್ಗಿ ತೆಳುವಾಗುತ್ತದೆ, ಹರಿಯುವುದಿಲ್ಲ. ಹೀಗೆ ಎರಡು ಸ್ನಾಯುಗಳು ದೂರ ಸರಿದು ನಡುವೆ ಬೀಳುವ ಬಿರುಕಿಗೆ ಡಯಾಸ್ಟೇಸಿಸ್ ರೆಕ್ಟೈ ಎನ್ನುತ್ತಾರೆ. ಚೊಚ್ಚಲ ಬಸುರಿಯರನ್ನು ಗಮನಿಸಿದ ನಾರ್ವೆಯ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೆರಿಗೆಯಾದ 6 ವಾರಕ್ಕೆ ಶೇ 60ರಷ್ಟು, ಒಂದು ವರ್ಷಕ್ಕೆ ಸುಮಾರು ಶೇ 33ರಷ್ಟು ಮಂದಿಯಲ್ಲಿ ಈ ಬಿರುಕು ಇತ್ತು. ಅಂದರೆ ಇದು ತೀರ ಸಾಮಾನ್ಯ, ಎಷ್ಟೋ ಮಂದಿಯಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ.

ನೀವೇ ನೋಡಿಕೊಳ್ಳಬಹುದು. ಅಂಗಾತ ಮಲಗಿ ಮಂಡಿ ಮಡಚಿ. ಬೆರಳುಗಳನ್ನು ಹೊಕ್ಕುಳಿನ ಮೇಲೆ ಅಡ್ಡಲಾಗಿ ಇಟ್ಟು, ಭುಜ ನೆಲ ಬಿಡುವಷ್ಟು ಮಾತ್ರ ತಲೆ ಎತ್ತಿ. ಸ್ನಾಯುಗಳ ಅಂಚು ಎರಡೂ ಕಡೆ ಕೈಗೆ ಸಿಗುತ್ತದೆ. ಹೊಕ್ಕುಳಿಗೆ 4–5 ಸೆಂ.ಮೀ. ಮೇಲೆ ಮತ್ತು ಕೆಳಗೂ ಹೀಗೆಯೇ ನೋಡಿ. ಎರಡು ಬೆರಳಿಗಿಂತ ಹೆಚ್ಚು ಅಗಲವಿದ್ದರೆ ಬಿರುಕು ಇದೆ ಎಂದು ಲೆಕ್ಕ. ಆದರೆ ಅಗಲವೊಂದನ್ನೇ ಅಳೆಯುತ್ತ ಕೊರಗಬೇಡಿ. ಬೆರಳಿನ ಕೆಳಗಿನ ಪಟ್ಟಿ ಎದುರೊತ್ತುತ್ತದೆಯೋ, ಬೆರಳು ಆಳಕ್ಕೆ ಇಳಿದುಬಿಡುತ್ತದೆಯೋ ಎನ್ನುವುದೂ ಅಷ್ಟೇ ಮುಖ್ಯ. ಬಿರುಕು ಪೂರ್ತಿ ಮುಚ್ಚದಿದ್ದರೂ ಪಟ್ಟಿ ಬಿಗಿಯಾದರೆ ಹೊಟ್ಟೆ ತನ್ನ ಕೆಲಸ ಮಾಡುತ್ತದೆ.

ಹಳೆ ಸೀರೆಯಾಗಲಿ ಬೆಲ್ಟಾಗಲಿ, ಮೊದಲ ವಾರಗಳಲ್ಲಿ ಆಸರೆ ಕೊಡುತ್ತದೆ. ಸಿಸೇರಿಯನ್ ಆದವರಿಗೆ ಕೆಮ್ಮುವಾಗ, ನಡೆಯುವಾಗ ಹಿತವೆನಿಸುತ್ತದೆ. ಸ್ನಾಯುವಿಗೆ ಬಲ ಮಾತ್ರ ಅದರಿಂದ ಬರುವುದಿಲ್ಲ. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡ ಕೆಳಕ್ಕೆ, ಮೂತ್ರಕೋಶ ಮತ್ತು ಗರ್ಭಕೋಶವನ್ನು ಹೊತ್ತ ಸ್ನಾಯುಗಳ ಮೇಲೆ ಬೀಳುತ್ತದೆ. ಕಟ್ಟುವುದಾದರೆ ಸೊಂಟದಿಂದ ಮೇಲಕ್ಕೆ ಸುತ್ತಿ, ದೀರ್ಘ ಉಸಿರಿಗೆ ಎಡೆಯಿರಲಿ, ಮಲಗುವಾಗ ಬಿಚ್ಚಿ.

ಬಲ ಬರುವುದು ವ್ಯಾಯಾಮದಿಂದ. ಮಂಡಿ ಮಡಚಿ ಮಲಗಿ, ಪಕ್ಕೆಗಳು ಅಗಲವಾಗುವಂತೆ ಮೂಗಿನಿಂದ ಉಸಿರೆಳೆದುಕೊಳ್ಳಿ. ಬಾಯಿಂದ ನಿಧಾನವಾಗಿ ಬಿಡುತ್ತ, ಮೂತ್ರ ತಡೆಯುವಾಗ ಮಾಡುವಂತೆ ಕೆಳಗಿನ ಸ್ನಾಯುಗಳನ್ನು ಮೇಲಕ್ಕೆಳೆದು ಕಿಬ್ಬೊಟ್ಟೆಯನ್ನು ಮೆಲ್ಲಗೆ ಒಳಕ್ಕೆ ತನ್ನಿ. ಸುಮಾರು 5 ಸೆಕೆಂಡಿನ ನಂತರ ಪೂರ್ತಿ ಸಡಿಲ ಬಿಡಿ. ಒಮ್ಮೆಗೆ 10 ಸಲ, ದಿನಕ್ಕೆ ಎರಡು ಮೂರು ಬಾರಿ. ಇದು ಕೂಡಿಬಂದ ಮೇಲೆ, ಉಸಿರು ಬಿಡುತ್ತ ಒಂದೊಂದೇ ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸಿ ಕಾಲು ಚಾಚುವುದು, ಆಮೇಲೆ ಸೊಂಟ ಎತ್ತುವ ಸೇತುಬಂಧ. ನಡುವೆ ದಿಂಡು ಎದ್ದರೆ ಆ ಹಂತ ಇನ್ನೂ ಭಾರ ಎಂದರ್ಥ, ಹಿಂದಿನದಕ್ಕೆ ಹೋಗಿ. ಹಲವರು ಎಡವುವುದು ಉಸಿರು ಬಿಗಿಹಿಡಿಯುವುದರಲ್ಲಿ, ಇಲ್ಲವೇ ದಿನವಿಡೀ ಹೊಟ್ಟೆ ಒಳಗೆಳೆದುಕೊಂಡೇ ಇರುವುದರಲ್ಲಿ. ಫಲ ಕಾಣಲು ಎರಡು ಮೂರು ತಿಂಗಳಾದರೂ ಬೇಕು.

ದಿನದ ಚಲನೆಯೂ ಅಷ್ಟೇ ಮುಖ್ಯ. ಹಾಸಿಗೆಯಿಂದ ನೆಟ್ಟಗೆ ಏಳದೆ ಮಗ್ಗುಲಿಗೆ ಹೊರಳಿ, ಕೈಯೂರಿ ಏಳಿ. ಮಗುವನ್ನೋ ನೀರಿನ ಬಿಂದಿಗೆಯನ್ನೋ ಎತ್ತುವಾಗ ಉಸಿರು ಬಿಡಿ. ಇನ್ನೊಂದು ಮಾತು, ಇದನ್ನು ಮನೆಯ ಹಿರಿಯರಿಗೂ ಓದಿ ಹೇಳಿ: ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಬಿಡಬೇಕು. ಅದರಿಂದ ಮಲ ಗಟ್ಟಿಯಾಗುತ್ತದೆ, ತಿಣುಕಿದಷ್ಟೂ ಅದೇ ಪಟ್ಟಿಯ ಮೇಲೆ ಒತ್ತಡ. ಬಾಯಾರಿದಷ್ಟು ನೀರು, ಜೊತೆಗೆ ಸೊಪ್ಪು, ತರಕಾರಿ ಕೊಡಿ.

ಪ್ರಶ್ನೆ: ಕಪಾಲಭಾತಿ, ನೌಕಾಸನ ಮಾಡಿದರೆ ಹೊಟ್ಟೆ ಬೇಗ ಕರಗುತ್ತದಂತೆ. ಮಾಡಬಹುದೇ?
– ಓದುಗರು, ಧಾರವಾಡ

ಉತ್ತರ: ಈಗಲೇ ಬೇಡ. ಬಿರುಕಿನ ಉಬ್ಬು ಕೊಬ್ಬಲ್ಲ, ಕರಗಿಸುವಂಥದ್ದೂ ಅಲ್ಲ. ಇವೆರಡೂ ಹೊಟ್ಟೆಯೊಳಗಿನ ಒತ್ತಡವನ್ನು ತಟ್ಟನೆ ಏರಿಸುತ್ತವೆ. ಮೇಲಿನ ಹಂತಗಳನ್ನು ದಿಂಡು ಏಳದಂತೆ ಮಾಡಲು ಬಂದ ನಂತರ ಫಿಸಿಯೋಥೆರಪಿಸ್ಟ್ ನೋಡುತ್ತಿರುವಾಗ ಶುರು ಮಾಡಿ. ನಡಿಗೆಗೆ ಅಡ್ಡಿಯಿಲ್ಲ.

ಪ್ರಶ್ನೆ: ಶಸ್ತ್ರಚಿಕಿತ್ಸೆ ಯಾವಾಗ ಬೇಕು?
– ಓದುಗರು, ಮಂಗಳೂರು

ಉತ್ತರ: ಹೆಚ್ಚಿನವರಿಗೆ ಬೇಕಾಗುವುದಿಲ್ಲ. ತಿಂಗಳುಗಟ್ಟಲೆ ಸರಿಯಾಗಿ ವ್ಯಾಯಾಮ ಮಾಡಿಯೂ ತೊಂದರೆ ಉಳಿದರೆ, ಅಥವಾ ಜೊತೆಗೆ ಹರ್ನಿಯಾ (ಹೊಟ್ಟೆಯ ಗೋಡೆಯ ತೂತಿನಿಂದ ಒಳಗಿನ ಕೊಬ್ಬೋ ಕರುಳೋ ಹೊರಚಾಚುವುದು) ಇದ್ದರೆ, ಸರ್ಜನ್ ಎರಡು ಸ್ನಾಯುಗಳನ್ನು ಹತ್ತಿರ ತಂದು ಹೊಲಿಯುತ್ತಾರೆ. ಇನ್ನೊಂದು ಮಗು ಬೇಕೆಂದಿದ್ದರೆ ಅದಾದ ಮೇಲೆಯೇ ಮಾಡಿಸುವುದು ಮೇಲು. ಮತ್ತೊಂದು ಬಸಿರು ಹೊಲಿಗೆಯನ್ನು ಹಿಗ್ಗಿಸಬಹುದು. ಆದರೆ ಹೊಕ್ಕುಳಿನ ಬಳಿ ಗಂಟು ಗಟ್ಟಿಯಾಗಿ ನೋಯುತ್ತಿದ್ದರೆ, ಮಲಗಿದರೂ ಒಳಗೆ ಹೋಗದಿದ್ದರೆ, ವಾಂತಿ ಇದ್ದರೆ ಅದು ಸಿಕ್ಕಿಕೊಂಡ ಹರ್ನಿಯಾ ಇರಬಹುದು. ಅಂದೇ, ಆ ಗಳಿಗೆಯೇ ಆಸ್ಪತ್ರೆಗೆ ಹೋಗಿ.