ಅದು ಸಮಾಧಿಯಲ್ಲ, ಸ್ಮಾರಕ

ನಮಸ್ಕಾರ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಎಂಡ್‌ಕ್ಲಿಫ್ ಪಾರ್ಕಿನಲ್ಲಿರುವ, ಎರಡನೇ ಮಹಾಯುದ್ಧದಲ್ಲಿ ಹತ್ತು ಮಂದಿಯೊಂದಿಗೆ ಅಲ್ಲಿ ಬಿದ್ದ ಅಮೆರಿಕದ ‘ಮಿ ಅಮಿಗೊ’ ಬಾಂಬರ್ ವಿಮಾನದ ಸ್ಮಾರಕದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಈಗಿರುವ ಹಾಗೆ ಪ್ರಕಟಿಸಲಾಗದು. ವಸ್ತು ಒಳ್ಳೆಯದಿದೆ, ಹಾಗಾಗಿಯೇ ಇಷ್ಟು ಬರೆಯುತ್ತಿದ್ದೇವೆ.

ಶೀರ್ಷಿಕೆ ‘ಹತ್ತು ವೀರರ ಸಮಾಧಿ’. ಅಲ್ಲಿ ಯಾರನ್ನೂ ಹೂತಿಲ್ಲ. ಇರುವುದು 1969ರಲ್ಲಿ ನಿಲ್ಲಿಸಿದ ಬಂಡೆ, ಫಲಕ. ಹೊರದೇಶದಲ್ಲಿ ಸತ್ತ ಅಮೆರಿಕನ್ ಸೈನಿಕರ ಶವವನ್ನು ಯುದ್ಧ ಮುಗಿದ ಮೇಲೆ ಊರಿಗೆ ತರಿಸಿಕೊಳ್ಳಬಹುದಿತ್ತು. ಬೇಡವೆಂದವರಿಗೆ ಕೇಂಬ್ರಿಡ್ಜ್ ಬಳಿಯ ಅಮೆರಿಕನ್ ಸ್ಮಶಾನವಿತ್ತು. ಬ್ರಿಟಿಷ್ ಸೈನಿಕರ ಮನೆಯವರಿಗೆ ಆ ಆಯ್ಕೆ ಇರಲಿಲ್ಲ. ಇದನ್ನು ತಿಳಿಸದಿದ್ದರೆ ಓದುಗರು ಕಲ್ಲಿನಡಿಯಲ್ಲಿ ಹತ್ತು ಹೆಣಗಳಿವೆ ಎಂದುಕೊಳ್ಳುತ್ತಾರೆ.

‘ಕಗ್ಗತ್ತಲ ರಾತ್ರಿ’ ವಿಮಾನ ಬಿತ್ತು ಎನ್ನುತ್ತೀರಿ. ಎರಡು ಪ್ಯಾರಾ ದಾಟಿದರೆ ಅದೇ ಹೊತ್ತಿಗೆ ಮಕ್ಕಳು ಪಾರ್ಕಿನಲ್ಲಿ ಆಡುತ್ತಿದ್ದಾರೆ! ರಾತ್ರಿ ದಾಳಿ ಹೆಚ್ಚಾಗಿ ಬ್ರಿಟಿಷರದು, ಅಮೆರಿಕನ್ನರು ಹೋಗುತ್ತಿದ್ದದ್ದು ಹಗಲಲ್ಲಿ. 1944ರ ಫೆಬ್ರವರಿ 22, ಮಂಗಳವಾರ. ಡೆನ್ಮಾರ್ಕಿನ ಆಲ್ಬೋರ್ಗ್ ಕಡೆಗೆ ಹೊರಟಿದ್ದ ಈ ಬಿ-17 ಬಾಂಬರ್ ಜರ್ಮನ್ ಫೈಟರ್‌ಗಳ ಹೊಡೆತ ತಿಂದು, ಇಂಗ್ಲೆಂಡಿನ ತನ್ನ ಚೆಲ್ವೆಸ್ಟನ್ ನೆಲೆಗೆ ಮರಳಲಾಗದೆ, ಸಂಜೆ ಇಲ್ಲಿ ಬಿತ್ತು. ಶೆಫೀಲ್ಡ್ ಮೇಲೆ ಆಕಾಶಯುದ್ಧ ನಡೆದಂತೆ ಬರೆದಿರುವ ಪುಟ ಪೂರ್ತಿ ಹೋಗಬೇಕು.

ನ್ಯಾವಿಗೇಟರ್‌ನನ್ನು ‘ನಾವಿಕ’ ಮಾಡಿದ್ದೀರಿ. ಕನ್ನಡದಲ್ಲಿ ನಾವಿಕ ಎಂದರೆ ಹಡಗಿನವನು. ಪೈಲಟ್, ಗನ್ನರ್ ಎಂದಂತೆ ನ್ಯಾವಿಗೇಟರ್ ಎಂದೇ ಬರೆಯಿರಿ. ‘ಹತ್ತು ಪೈಲಟ್‌ಗಳು’ ಕೂಡ ತಪ್ಪು. ಬಿ-17ರಲ್ಲಿ ಪೈಲಟ್, ಕೋ-ಪೈಲಟ್, ನ್ಯಾವಿಗೇಟರ್, ಬಾಂಬ್ ಹಾಕುವವನು ಸಾಮಾನ್ಯವಾಗಿ ಅಧಿಕಾರಿಗಳು. ಉಳಿದ ಆರು ಮಂದಿ ಸಾರ್ಜೆಂಟ್ ದರ್ಜೆಯವರು. ಅವರಲ್ಲಿ ಎಂಜಿನಿಯರ್ ತನ್ನ ಕೆಲಸದ ಜೊತೆ ವಿಮಾನದ ಬೆನ್ನ ಮೇಲಿನ ಗನ್ನೂ ಹಿಡಿಯುತ್ತಿದ್ದ. ಈ ಎರಡು ಸಾಲು ನೀವು ಹದಿನಾಲ್ಕು ಸಲ ಬಳಸಿದ ‘ಹುತಾತ್ಮ’ಕ್ಕಿಂತ ಹೆಚ್ಚು ಹೇಳುತ್ತದೆ.

ಮಕ್ಕಳನ್ನು ಉಳಿಸಲೆಂದೇ ಪೈಲಟ್ ವಿಮಾನವನ್ನು ಮರಗಳತ್ತ ತಿರುಗಿಸಿದ ಎಂಬುದನ್ನು ಅವನ ಮನಸ್ಸಿನೊಳಗೆ ಕೂತು ಬರೆದಿದ್ದೀರಿ. ವಿಮಾನದಲ್ಲಿದ್ದ ಯಾರೂ ಬದುಕಲಿಲ್ಲ. ಅದು ಆಗ ಬಾಲಕನಾಗಿದ್ದವರೊಬ್ಬರ ನೆನಪು. ‘ಅವರು ಹೇಳುವಂತೆ’ ಎಂದು ಸೇರಿಸಿ. ಹಾಗೆ ಬರೆದರೆ ಕಥೆಗೆ ನಷ್ಟವಿಲ್ಲ. ಆ ಹುಡುಗ ಮುದುಕನಾಗಿ ಸ್ಮಾರಕ ಗುಡಿಸಿ ಒರೆಸುತ್ತಾ ಬಂದದ್ದು, 2019ರ ಫೆಬ್ರವರಿ 22ರ ಬೆಳಿಗ್ಗೆ 8.45ಕ್ಕೆ ಯುದ್ಧವಿಮಾನಗಳು ಪಾರ್ಕಿನ ಮೇಲೆ ಹಾರಿದ್ದು, ಸಾವಿರಾರು ಜನ ನೆರೆದದ್ದು ನಿಮ್ಮಲ್ಲಿ ಒಂದೇ ವಾಕ್ಯದಲ್ಲಿ ಮುಗಿದಿದೆ. ಲೇಖನ ಇರುವುದೇ ಅಲ್ಲಿ.

ವೀರಗಲ್ಲಿನ ಪೀಠಿಕೆ ಒಂದೂವರೆ ಪುಟ ಆಯಿತು. ನಮ್ಮ ವೀರಗಲ್ಲು ಸಾಮಾನ್ಯವಾಗಿ ತಮ್ಮವನಿಗೆ ತಮ್ಮವರು ನಿಲ್ಲಿಸಿದ್ದು. ಇಲ್ಲಿ ಪರದೇಶದವರಿಗೆ ಊರವರು ಕಲ್ಲು ನಿಲ್ಲಿಸಿದ್ದಾರೆ. ಹೋಲಿಸುವುದಾದರೆ ಇದೊಂದೇ ಸಾಕು.

ಪೈಲಟ್ ಹೆಸರು ಎರಡು ಕಡೆ ಎರಡು ಥರ ಇದೆ. ಜಾನ್ ಕ್ರೀಗ್ಸ್‌ಹೌಸರ್ ಎಂದಿರಲಿ. ಉಳಿದ ಒಂಬತ್ತು ಹೆಸರನ್ನೂ ಫಲಕ ನೋಡಿಕೊಂಡು ಬರೆಯಿರಿ. ಫಲಕದ ಫೋಟೊ ಫ್ಲ್ಯಾಶ್ ಹೊಳಪಿಗೆ ಓದಲಾಗುತ್ತಿಲ್ಲ. ಫ್ಲ್ಯಾಶ್ ಇಲ್ಲದೆ, ಬೆಳಕು ಓರೆಯಾಗಿ ಬೀಳುವಾಗ ತೆಗೆದದ್ದಿದ್ದರೆ ಕಳಿಸಿ. ಒಂಬೈನೂರು ಪದ ಮೀರದಿರಲಿ.